ಖುರಾಕಿನ ಹೊಣೆ

ನಮ್ಮ ಉಸ್ತಾದರು ನಸುಕಿನಲ್ಲಿ ಗರಡಿಯ ಬಾಗಿಲಿಗೆ ನಿಂತು ಹುಡುಗರ ಬಾಯಿ ಮೂಸುತ್ತಿದ್ದರು. ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಇನ್ನೂ ಎದ್ದಿರುತ್ತಿರಲಿಲ್ಲ. ಬೀಡಿ, ತಂಬಾಕಿನ ವಾಸನೆ ಬಂದರೆ ಅಂದು ಮಣ್ಣು ಮುಟ್ಟುವಂತಿಲ್ಲ. ರಾತ್ರಿ ಏನುಂಡೆ, ಹಾಲು ಎಷ್ಟು, ಬದಾಮು ಅರೆದವರು ಯಾರು, ಎಲ್ಲಕ್ಕೂ ಲೆಕ್ಕ ಒಪ್ಪಿಸಬೇಕು. ನೇಕಾರನ ಮಗನಾದ ನನ್ನ ಲೆಕ್ಕ ಬೇಗ ಮುಗಿಯುತ್ತಿತ್ತು: ಜೋಳದ ರೊಟ್ಟಿ, ನೆನೆಸಿದ ಕಡಲೆ, ಒಂದು ಚರಿಗೆ ಎಮ್ಮೆ ಹಾಲು.

ಬ್ರಿಟಿಷರ ಕಾಲದಲ್ಲಿ ಈ ಸೀಮೆ ಹರಿದು ಹಂಚಿಹೋಗಿತ್ತು. ಜಮಖಂಡಿ, ಬನಹಟ್ಟಿ ಜಮಖಂಡಿ ಸಂಸ್ಥಾನದವು, ಮುಧೋಳ ಘೋರ್ಪಡೆಯವರದು, ಕೂಗಳತೆಯ ರಬಕವಿ ಸಾಂಗಲಿ ಸಂಸ್ಥಾನದ್ದು, ಬೀಳಗಿ ನೇರ ಬ್ರಿಟಿಷರ ಕೈಯಲ್ಲಿ. ಪೈಲ್ವಾನರಿಗೆ ಈ ಗಡಿಗಳು ಅಡ್ಡ ಬರಲಿಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು 1912ರಲ್ಲಿ ತಮ್ಮ ಊರಿನಲ್ಲಿ ಖಾಸಬಾಗ ಕುಸ್ತಿ ಮೈದಾನ ಕಟ್ಟಿಸಿ, ಪೈಲ್ವಾನರ ಖುರಾಕಿನ ಖರ್ಚನ್ನೂ ಹೊತ್ತರು. ಈ ಕಡೆಯ ಹುಡುಗರ ಕಣ್ಣೂ ಅತ್ತಲೇ ನೆಟ್ಟಿತು. 1948-49ರಲ್ಲಿ ಸಂಸ್ಥಾನಗಳು ವಿಲೀನವಾದವು. ಅರಮನೆ ಹೊರುತ್ತಿದ್ದ ಖರ್ಚು ಜಾತ್ರೆಯ ಪಂಚರ ಮೇಲೆ, ಊರ ಮೇಲೆ, ಕೊನೆಗೆ ಅವ್ವನ ಹಾಲಿನ ಚರಿಗೆಯ ಮೇಲೆ ಬಂತು.

ಕಣಕ್ಕಿಳಿದ ಇಬ್ಬರೂ ಮೊದಲು ಹಿಡಿ ಮಣ್ಣೆತ್ತಿ ಒಬ್ಬರ ಮೈಗೊಬ್ಬರು ಸವರುತ್ತಾರೆ. ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿರುತ್ತದೆ. ನೋಡುವವರು ಅದನ್ನು ಶಾಸ್ತ್ರ ಎಂದುಕೊಳ್ಳುತ್ತಾರೆ. ಅದು ತಪಾಸಣೆಯೂ ಹೌದು. ಎದುರಿನವನು ಹಿಡಿತಕ್ಕೆ ಸಿಗಬಾರದೆಂದು ಮೈಗೆ ಎಣ್ಣೆ ಬಳಿದು ಬಂದಿದ್ದರೆ ನಿಮ್ಮ ಅಂಗೈಗೆ ಆಗಲೇ ತಿಳಿಯುತ್ತದೆ. ಮಣ್ಣು ಆ ಜಾರಿಕೆಯನ್ನು ಕುಡಿದುಬಿಡುತ್ತದೆ. ಮೋಸ ತೊಗಲಿನ ಮೇಲಿದ್ದರೆ ಕೈಗೆ ಸಿಕ್ಕೀತು. ನೆತ್ತರಿಗೆ ಇಳಿದದ್ದನ್ನು ಯಾವ ಅಂಗೈ ಹಿಡಿಯಬೇಕು?

ನನಗಾಗ ಹತ್ತೊಂಬತ್ತು. ಬೀಳಗಿ ಕಡೆಯ ಜಾತ್ರೆಯಲ್ಲಿ ಜೋಡಿ ಕಟ್ಟಿ ಆಗಿತ್ತು, ಹಲಗಿ ಬಾರಿಸುತ್ತಿದ್ದರು. ನನ್ನ ಮೇಲೆ ಅಭಿಮಾನವಿದ್ದವರೊಬ್ಬರು ಬಂದು ಕಾಗದದ ಚೂರಿನಲ್ಲಿ ಸುತ್ತಿದ ಎರಡು ಬಿಳಿ ಗುಳಿಗೆ ಕೈಗಿಟ್ಟರು. "ನುಂಗು ತಮ್ಮಾ, ದಣಿವು ಹತ್ರ ಸುಳಿಯಂಗಿಲ್ಲ." ನಾನು ಮುಷ್ಟಿ ಕಟ್ಟಿದೆ. ಉಸ್ತಾದರು ದೂರದಿಂದಲೇ ನೋಡಿದ್ದರು. ಬಂದವರೇ ನನ್ನ ಬೆರಳು ಬಿಡಿಸಿದರು. ಬೆವರಿಗೆ ಗುಳಿಗೆ ಅಂಗೈಗೆ ಅಂಟಿದ್ದವು. ಅವರು ನೇರ ಪಂಚರ ಹತ್ತಿರ ಹೋಗಿ, "ನಮ್ಮ ಹುಡುಗ ಇವತ್ತ ಕಣಕ್ಕ ಇಳಿಯಂಗಿಲ್ರಿ. ತಪ್ಪ ನಂದು" ಎಂದರು.

"ನಾ ನುಂಗಿಲ್ರಿ, ಉಸ್ತಾದ್" ಎಂದು ಅತ್ತೆ.

"ನುಂಗಿಲ್ಲ, ಖರೆ. ಅವು ನಿನ್ನ ಕೈಗೆ ಬರೂತನಕ ನಾ ಎಲ್ಲಿದ್ದೆ?"

ಈ ಮಾತಿನ ಭಾರ ನನಗೆ ತಿಳಿಯಲು ವರ್ಷಗಳೇ ಬೇಕಾದವು. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದ ಥಾಮಸ್ ಹಿಕ್ಸ್‌ಗೆ ದಾರಿಯಲ್ಲಿ ಸ್ಟ್ರಿಕ್ನಿನ್ ಎಂಬ ವಿಷವನ್ನು ಮೊಟ್ಟೆಯ ಬಿಳಿಯೊಂದಿಗೆ ಕೊಟ್ಟು, ಬ್ರಾಂದಿ ಕುಡಿಸಿ ಓಡಿಸಿದವರು ಅವನ ಜೊತೆಗಾರರೇ. ಆಗ ಅದಕ್ಕೆ ನಿಷೇಧವಿರಲಿಲ್ಲ, ಪದಕ ಉಳಿಯಿತು. ನಮ್ಮ ನಾಡಿನ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ರಿಲೇಯಲ್ಲಿ, ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದ 400 ಮೀಟರ್ ಹರ್ಡಲ್ಸ್‌ ಮತ್ತು ರಿಲೇಯಲ್ಲಿ ಚಿನ್ನ ಗೆದ್ದಾಗ ನಾವು ಕುಣಿದಾಡಿದ್ದೆವು. ಮರುವರ್ಷ ಅವರ ಮತ್ತು ಕೆಲ ಜೊತೆ ಓಟಗಾರ್ತಿಯರ ಮೂತ್ರಪರೀಕ್ಷೆಯಲ್ಲಿ ಸ್ಟೆರಾಯ್ಡ್ ಸಿಕ್ಕಿತು. ಕೋಚ್ ಕೊಟ್ಟ ಜಿನ್‌ಸೆಂಗ್‌ನಿಂದ ಬಂದದ್ದು ಎಂದು ಓಟಗಾರ್ತಿಯರು ಹೇಳಿದರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಕೆಲಸ ಕಳೆದುಕೊಂಡರು. ಮೊದಲು ಒಂದು ವರ್ಷವಿದ್ದ ನಿಷೇಧವನ್ನು ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಎರಡು ವರ್ಷಕ್ಕೆ ಏರಿಸಿತು. ಮೈಯಲ್ಲಿ ಏನು ಸಿಕ್ಕರೂ ಅದಕ್ಕೆ ಆಟಗಾರನೇ ಜವಾಬುದಾರ ಎಂಬುದು ನಿಯಮ. ಜೊತೆಗೆ ಓಡಿ ಸೋತವರಿಗೆ ನ್ಯಾಯ ಸಿಗಲು ಇಷ್ಟು ಕಟ್ಟುನಿಟ್ಟು ಬೇಕು, ಒಪ್ಪುತ್ತೇನೆ. ಆದರೂ ಕೊಟ್ಟ ಕೈ ಎಂದರೆ ನನಗೆ ಹೆಚ್ಚು ಸಿಟ್ಟು. ಮದ್ದು ಕೊಟ್ಟ ತರಬೇತುದಾರನಿಗೂ ಈಗ ಆಜೀವ ನಿಷೇಧದವರೆಗೆ ಶಿಕ್ಷೆ ಇದೆ. ಅದು ಸರಿಯಾದದ್ದೇ.

ಸಾವಿರ ವರ್ಷದ ಹಿಂದೆ ನಮ್ಮ ಮುಧೋಳದ ರನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಇಂಥದೇ ಒಂದು ಕಾಳಗವನ್ನು, ಭೀಮ-ದುರ್ಯೋಧನರ ಗದಾಯುದ್ಧವನ್ನು. ನಾಭಿಯ ಕೆಳಗೆ ಹೊಡೆಯಬಾರದು ಎಂಬುದು ಗದೆಯ ಧರ್ಮ. ವ್ಯಾಸಭಾರತದಲ್ಲಿ, ಭೀಮ ದುರ್ಯೋಧನನ ತೊಡೆಗೆ ಏಟು ಹಾಕುವ ಮೊದಲು ಅರ್ಜುನ ತನ್ನ ಎಡತೊಡೆ ತಟ್ಟಿ ತೋರಿಸುತ್ತಾನೆ. ಸನ್ನೆ ಬಂದದ್ದು ಕಣದ ಹೊರಗಿನಿಂದ. ಭೀಮ, ದುರ್ಯೋಧನ ಇಬ್ಬರಿಗೂ ಗದೆ ಕಲಿಸಿದ ಬಲರಾಮ, ಅಂದರೆ ಇಬ್ಬರ ಉಸ್ತಾದ, ನೇಗಿಲೆತ್ತಿ ಭೀಮನ ಮೇಲೆ ನುಗ್ಗಿದ. ತೊಡೆ ತಟ್ಟಿದವನ ಮೇಲೆ ನುಗ್ಗಲಿಲ್ಲ.

ಈಗ ನನ್ನ ತಮ್ಮನ ಮೊಮ್ಮಗ ಕುಸ್ತಿ ಹಿಡಿಯುತ್ತಾನೆ. ಬೆಳಿಗ್ಗೆ ನನ್ನ ಹತ್ತಿರ ಮಣ್ಣಿನಲ್ಲಿ, ಸಂಜೆ ಮ್ಯಾಟ್ ಮೇಲೆ. ಹೋದ ವಾರ ಕಪ್ಪು ಡಬ್ಬಿಯೊಂದನ್ನು ತಂದ. "ಮುತ್ಯಾ, ಬರೇ ಪ್ರೊಟೀನ್ ಐತಿ" ಎಂದ. ಯಾರು ಕೊಟ್ಟರು ಎಂದರೆ ಹೇಳಲಿಲ್ಲ. ಕನ್ನಡಕ ಹಾಕಿ ಡಬ್ಬಿಯನ್ನು ಬಿಸಿಲಿಗೆ ಹಿಡಿದೆ. ಹಿಂಬದಿಯ ಅಕ್ಷರಗಳು ರಾಗಿಕಾಳಿಗಿಂತ ಸಣ್ಣವು, ಅರ್ಧ ಹೆಸರು ಓದಲೂ ಬರಲಿಲ್ಲ. ಡಬ್ಬಿಯನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದೆ. ಹುಡುಗ ಸಿಟ್ಟಾಗಿ ಎರಡು ದಿನದಿಂದ ಬಂದಿಲ್ಲ. ನಾನು ನಸುಕಿನಲ್ಲೆದ್ದು ಮಣ್ಣು ಅಗೆದು, ನೀರು ಚಿಮುಕಿಸಿ, ಬಾಗಿಲು ತೆರೆದಿಟ್ಟು ಕೂತಿದ್ದೇನೆ.