ಘಟಪ್ರಭೆ ಸೀಮೆಯ ಮಣ್ಣು ಕೆಲಸ ಮತ್ತು ಹಳೆಯ ಪೋಕ್ಲೇನಿನ ಪರದೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಮಣ್ಣು ಕೆಲಸದ ಚರಿತ್ರೆ ಘಟಪ್ರಭೆಯ ನೀರಿಗೆ ಅಂಟಿಕೊಂಡು ಬೆಳೆದದ್ದು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮುಂಬೈ ಸರ್ಕಾರ ಧೂಪದಾಳದಲ್ಲಿ ನದಿಗೆ ಒಡ್ಡು ಹಾಕಿ ಕಾಲುವೆ ತೆಗೆಸಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1887ರಲ್ಲಿ, ಗೋಕಾಕ ಜಲಪಾತದ ಬಳಿ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಆರಂಭವಾಯಿತು. ಗಿರಣಿಗೆ ಯಂತ್ರಗಳು ಬಂದವಾದರೂ ಮಣ್ಣು ಅಗೆಯುವ ಕೆಲಸ ಮನುಷ್ಯರ ರಟ್ಟೆಯಲ್ಲೇ ಉಳಿಯಿತು.

ಆ ರಟ್ಟೆ ಬಹುಮಟ್ಟಿಗೆ ಒಡ್ಡರದು. ಬಾವಿ, ಕೆರೆ, ಒಡ್ಡು, ಕಾಲುವೆ ಎಲ್ಲಿ ಇದ್ದರೂ ಕುಟುಂಬ ಸಮೇತ ಅಲ್ಲಿಗೆ ಹೋಗಿ ಬೀಡುಬಿಟ್ಟು ದುಡಿಯುತ್ತಿದ್ದ ಈ ಜನರಿಗೆ ಮಣ್ಣಿನ ಗುಣ ಗುದ್ದಲಿ ತಾಗಿದ ಸದ್ದಿನಲ್ಲೇ ತಿಳಿಯುತ್ತಿತ್ತು. ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಾಗುತ್ತದೆ, ಮಳೆಗಾಲದಲ್ಲಿ ಸಲಿಕೆಗೆ ಮೆತ್ತಿಕೊಂಡು ಬಿಡುವುದಿಲ್ಲ. ಕೂಲಿಯ ಲೆಕ್ಕ ಅಗೆದ ಮಣ್ಣಿನ ಗಾತ್ರದ ಮೇಲೆ. ನೂರು ಘನ ಅಡಿಗೆ ಒಂದು ಬ್ರಾಸ್ ಎನ್ನುವ ಮುಂಬೈ ಪ್ರಾಂತದ ಅಳತೆ ಈ ಸೀಮೆಯಲ್ಲಿ ಮರಳು, ಕಡಿಗಳ ವ್ಯಾಪಾರದಲ್ಲಿ ಇಂದಿಗೂ ಬಳಕೆಯಲ್ಲಿದೆ. ಅಗೆತದ ಗುಂಡಿಯ ನಡುವೆ ಅಲ್ಲಲ್ಲಿ ಮುಟ್ಟದೆ ಬಿಟ್ಟ ಮಣ್ಣಿನ ಕಂಬಗಳೇ ಸಾಕ್ಷಿ. ಅವುಗಳ ಎತ್ತರ ಅಳೆದರೆ ಎಷ್ಟು ಆಳ ಹೋಗಿದೆ ಎಂಬುದು ಮೇಸ್ತ್ರಿಗೂ ಕೂಲಿಗೂ ಒಟ್ಟಿಗೇ ಕಾಣುತ್ತಿತ್ತು. ಅಕ್ಷರ ಬಾರದವರೂ ಪ್ರಶ್ನಿಸಬಹುದಾದ ಲೆಕ್ಕ ಅದು. ಇಷ್ಟು ನ್ಯಾಯವಾದ ಅಳತೆ ಆಮೇಲಿನ ಯಂತ್ರಗಳ ಕಾಲಕ್ಕೆ ಸಿಗಲಿಲ್ಲ.

1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಮುಂದೆ ಎದ್ದ ರಾಜಾ ಲಖಮಗೌಡ ಜಲಾಶಯ 51 ಟಿಎಂಸಿ ನೀರು ಹಿಡಿಯುವಷ್ಟು ದೊಡ್ಡದಾಯಿತು. ನೀರು ಬಂದಲ್ಲಿ ಕಬ್ಬು ಬಂತು. ಕಬ್ಬಿನ ಜೊತೆಗೆ ಹೊಲ ಸಮ ಮಾಡುವುದು, ಬಸಿಗಾಲುವೆ ತೋಡುವುದು, ಪೈಪು ಹೂಳುವುದು, ಬಾವಿ ಆಳ ಮಾಡುವುದು ಎಂದು ವರ್ಷವಿಡೀ ಮಣ್ಣು ಕೆಲಸ.

ಇಷ್ಟೊಂದು ಕೆಲಸಕ್ಕೆ ಯಂತ್ರ ಬರುವುದು ಅನಿವಾರ್ಯವಾಗಿತ್ತು. ಫ್ರಾನ್ಸಿನ ಪೋಕ್ಲೇನ್ ಕಂಪನಿಯ ಹೈಡ್ರಾಲಿಕ್ ಅಗೆಯುವ ಯಂತ್ರಗಳನ್ನು ಭಾರತದಲ್ಲಿ ಎಲ್ ಆಂಡ್ ಟಿ ತಯಾರಿಸಿತು. 1984ರಲ್ಲಿ ಟಾಟಾ ಸಮೂಹದ ಟೆಲ್ಕೊ ಜಪಾನಿನ ಹಿಟಾಚಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಆ ಒಪ್ಪಂದದಿಂದ ಬೆಳೆದು 2012ರಲ್ಲಿ ಟಾಟಾ ಹಿಟಾಚಿ ಎಂಬ ಹೆಸರು ಪಡೆದ ಕಂಪನಿಯ ಒಂದು ಕಾರ್ಖಾನೆ ಧಾರವಾಡದಲ್ಲೇ ಇದೆ. ರಾಜ್ಯದ ಬಹುಪಾಲು ಕಡೆ ಸರಪಳಿ ಗಾಲಿಯ ಯಂತ್ರ ಯಾವ ಕಂಪನಿಯದಾದರೂ ಹಿಟಾಚಿಯೇ. ಮಹಾರಾಷ್ಟ್ರದ ಅಂಚಿನ ಈ ತಾಲ್ಲೂಕುಗಳಲ್ಲಿ ಪೋಕ್ಲೇನ್ ಎಂಬ ಹೆಸರೂ ಅಷ್ಟೇ ರೂಢಿ. ಸಂಕೇಶ್ವರದ ಮೇಲೆ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿ 2000ದ ದಶಕದಲ್ಲಿ ಚತುಷ್ಪಥವಾಯಿತು. ಇಂಥ ದೊಡ್ಡ ಕಾಮಗಾರಿಗಳಲ್ಲಿ ಸವೆದ ಯಂತ್ರಗಳು ಗುತ್ತಿಗೆದಾರರಿಂದಲೋ ಸಾಲ ಕೊಟ್ಟ ಸಂಸ್ಥೆಗಳ ಹರಾಜಿನಿಂದಲೋ ಸಣ್ಣ ಮಾಲೀಕರ ಕೈಗೆ ಬರುತ್ತವೆ. ಹೊಸದು ಕೊಳ್ಳಲಾಗದವರು ಈ ಕಸುಬಿಗೆ ಇಳಿಯಲು ಇರುವ ದಾರಿ ಇದು.

ಇಂಥ ಯಂತ್ರಗಳ ಮೊದಲ ತಲೆಮಾರಿನಲ್ಲಿ ಚಾಲಕನ ಮುಂದಿನ ಪ್ರತಿ ಮಾಪಕದ ಮುಳ್ಳಿಗೂ ಅದರದೇ ತಂತಿ. ಶಾಖದ ಮುಳ್ಳು ನಿಂತರೆ ದೋಷ ಆ ಒಂದು ತಂತಿಯಲ್ಲಿ, ಅದರ ಸಂವೇದಕದಲ್ಲಿ ಅಥವಾ ಆ ಮುಳ್ಳಿನಲ್ಲಿ. ಮಿಸ್ತ್ರಿ ಕಿವಿಯಿಂದ, ಕೈಯಿಂದ, ಒಂದು ಬಲ್ಬು ಕಟ್ಟಿದ ತಂತಿಯಿಂದ ಹುಡುಕಿ ಮುಗಿಸುತ್ತಿದ್ದ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ಕ್ಯಾನ್ ಜಾಲ ಈ ಕ್ರಮವನ್ನು ಬದಲಿಸಿತು. ಒಂದಕ್ಕೊಂದು ಹೆಣೆದ ಎರಡು ತಂತಿಗಳ ಮೇಲೆ ಎಂಜಿನ್ ಮತ್ತು ಪಂಪಿನ ನಿಯಂತ್ರಕಗಳು, ಮುಳ್ಳುಗಳ ಬದಲು ಬಂದ ಪರದೆ ಎಲ್ಲವೂ ಸಂದೇಶ ಕಳಿಸುತ್ತವೆ. ಭಾರಿ ಯಂತ್ರಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಜೆ1939 ಎಂಬ ಪದ್ಧತಿಯಲ್ಲಿ ಸಾಮಾನ್ಯ ವೇಗ ಸೆಕೆಂಡಿಗೆ 250 ಕಿಲೋಬಿಟ್. ತಂತಿ ಉಳಿಯಿತು, ತೂಕ ಇಳಿಯಿತು. ಆದರೆ ಒಂದು ಕನೆಕ್ಟರ್ ಕಿಲುಬು ಹಿಡಿದರೆ ಡೀಸೆಲ್, ಎಣ್ಣೆಯ ಒತ್ತಡ, ಶಾಖ, ದುಡಿದ ಗಂಟೆ ಎಲ್ಲವೂ ಏಕಕಾಲಕ್ಕೆ ಪರದೆಯಿಂದ ಮಾಯ. ವೇಗದ ಗುಂಡಿಯ ಆದೇಶವೂ ಅದೇ ಜಾಲದಲ್ಲಿ ಸಾಗುವ ಮಾದರಿಗಳಲ್ಲಿ ಎಂಜಿನ್ ಮೇಲೇರದೆ ಮಂದಗತಿಯಲ್ಲೇ ನಿಲ್ಲುತ್ತದೆ.

ಹೀಗಾದಾಗ ಪರದೆ ಪೂರ್ತಿ ಕಪ್ಪಾಗಿದೆಯೋ, ಬೆಳಕಿದ್ದೂ ಅಂಕಿ ಇಲ್ಲವೋ ಎಂಬುದನ್ನು ಮೊದಲು ನೋಡಬೇಕು. ಕಪ್ಪಾಗಿದ್ದರೆ ಮೊದಲು ಫ್ಯೂಸು, 24 ವೋಲ್ಟಿನ ಸರಬರಾಜು, ಅರ್ಥಿಂಗ್ ಪರೀಕ್ಷಿಸಬೇಕು. ಬೆಳಕಿದ್ದು ಅಂಕಿ ಬಾರದಿದ್ದರೆ ಸಾಮಾನ್ಯವಾಗಿ ಸಂಪರ್ಕದ ದೋಷ. ಎಂಜಿನ್ ನಿಯಂತ್ರಕದ ದೋಷಸಂಕೇತಗಳ ಪಟ್ಟಿಯಲ್ಲಿ ಎಸ್‌ಪಿಎನ್ 639 ಎಂಬ ಸಂಖ್ಯೆ ಕಂಡರೆ ಅದು ಜಾಲದ್ದೇ ದೂರು. ಆಗ ಬ್ಯಾಟರಿ ಕಳಚಿ, ಜೆ1939 ಜಾಲದ ಹಳದಿ ಮತ್ತು ಹಸಿರು ತಂತಿಗಳ ನಡುವೆ ಮೀಟರ್ ಹಿಡಿಯಬೇಕು. ಜಾಲದ ಎರಡು ತುದಿಗೂ 120 ಓಮಿನ ಒಂದೊಂದು ನಿರೋಧಕ ಇರುವುದರಿಂದ ಸರಿಯಾದ ಓದು ಸುಮಾರು 60. ಓದು 120 ಬಂದರೆ ಒಂದು ತುದಿ ಕೈಬಿಟ್ಟಿದೆ, ಸೊನ್ನೆಯ ಹತ್ತಿರ ಬಂದರೆ ತಂತಿಗಳು ಎಲ್ಲೋ ಕೂಡಿವೆ. ಕೆಲವು ಮಾದರಿಗಳಲ್ಲಿ ತುದಿಯ ನಿರೋಧಕ ಪರದೆಯ ಒಳಗೇ ಇರುತ್ತದೆ. ಪರದೆ ಬಿಚ್ಚಿ ಅಳೆದರೆ 120 ಬರುವುದು ಸಹಜ. ಇದನ್ನೇ ದೋಷವೆಂದು ಬಗೆದರೆ ಚೆನ್ನಾಗಿರುವ ತಂತಿಗಂಟನ್ನು ಸೀಳಿ ಹಾಳುಮಾಡಿದಂತಾಗುತ್ತದೆ. ಓಮ್ ಸರಿ ಇದ್ದರೆ ಬ್ಯಾಟರಿ ಜೋಡಿಸಿ ಕೀಲಿ ತಿರುವಿ ವೋಲ್ಟ್ ನೋಡಬೇಕು. ಒಂದು ತಂತಿಯಲ್ಲಿ 2.5ಕ್ಕಿಂತ ತುಸು ಹೆಚ್ಚು, ಇನ್ನೊಂದರಲ್ಲಿ ತುಸು ಕಡಿಮೆ ಇರಬೇಕು. ಇಲ್ಲದಿದ್ದರೆ ಪ್ರತಿ ಬಾರಿ ಕೀಲಿ ಬಂದುಮಾಡಿ, ನಿಯಂತ್ರಕಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ ಜಾಲವನ್ನು ಕೆಡಿಸುತ್ತಿರುವುದು ಯಾವುದೆಂದು ತಿಳಿಯುತ್ತದೆ.

ಇಂಥ ದೋಷಗಳಿಗೆ ಕಾರಣ ಹಲವು. ಕಬ್ಬಿನ ಹೊಲದ ಬದಿ ತಿಂಗಳುಗಟ್ಟಲೆ ನಿಂತ ಯಂತ್ರದ ತಂತಿಗಳನ್ನು ಇಲಿ ಕಡಿದಿರಬಹುದು. ಬ್ಯಾಟರಿ ಬಿಚ್ಚದೆ ಬಕೆಟ್ಟಿಗೆ ವೆಲ್ಡಿಂಗ್ ಮಾಡಿದ್ದರೆ ನಿಯಂತ್ರಕ ಸುಟ್ಟಿರಬಹುದು. ಜಿಪಿಎಸ್ ಪೆಟ್ಟಿಗೆಗಾಗಿ ಜಾಲದ ತಂತಿ ಸುಲಿದು ಟೇಪು ಸುತ್ತಿದ ಜಾಗದಲ್ಲಿ ತೇವ ಸೇರುತ್ತದೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪೇಟೆಗೇ ನುಗ್ಗಿದ ಮೇಲಂತೂ ಹಳೆಯ ಯಂತ್ರ ಕೊಳ್ಳುವವರು ಸೀಟಿನ ಹಿಂದಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು, ಒಣಗಿದ ಕೆಸರು ಹುಡುಕುವುದು ತಪ್ಪಲ್ಲ.

ಪರದೆ ಬದಲಾಗಿರುವ ಯಂತ್ರದಲ್ಲಿ ಇನ್ನೊಂದು ತೊಡಕಿದೆ. ಬೇರೆ ಮಾದರಿಯಿಂದ ತಂದ ಪರದೆ ಕನೆಕ್ಟರಿಗೆ ಸರಿಯಾಗಿ ಕೂತರೂ ತಂತ್ರಾಂಶ ಹೊಂದದೆ ಸಂಪರ್ಕದ ದೋಷವನ್ನೇ ತೋರಿಸಬಹುದು. ದುಡಿದ ಗಂಟೆಗಳ ಲೆಕ್ಕ ಪರದೆಯಲ್ಲೇ ಉಳಿಯುವ ಮಾದರಿಗಳಲ್ಲಿ ಪರದೆಯ ಜೊತೆಗೆ ಗಂಟೆಯೂ ಬದಲಾಗುತ್ತದೆ. ಹತ್ತು ಸಾವಿರ ಗಂಟೆ ದುಡಿದ ಯಂತ್ರ ಮೂರು ಸಾವಿರದ್ದೆಂದು ಕಾಣಬಹುದು. ಅದಕ್ಕೇ ಬೆಲೆ ಮಾತಾಡುವ ಮೊದಲು ಪರೀಕ್ಷಾ ಉಪಕರಣ ಜೋಡಿಸಿ, ಎಂಜಿನ್ ನಿಯಂತ್ರಕದಲ್ಲಿ ಉಳಿದಿರುವ ಗಂಟೆಯನ್ನು ಪರದೆಯ ಗಂಟೆಯೊಂದಿಗೆ ಹೋಲಿಸಬೇಕು. ಎರಡೂ ಹೊಂದದಿದ್ದರೆ ಸರಪಳಿಯ ಪಿನ್ನು, ಬಕೆಟ್ಟಿನ ಬುಷ್ಷುಗಳ ಸವಕಳಿಯನ್ನು ನೋಡಿ ಯಂತ್ರದ ವಯಸ್ಸು ಅಂದಾಜು ಮಾಡಬೇಕಾಗುತ್ತದೆ.