ಹಾಸಿಗೆ ಹಿಡಿದವರನ್ನು ಎತ್ತುವುದು ಹೇಗೆ? ಕುಂಭಾರಿಯ ಸಣ್ಣ ಮನೆಗಳಿಗೂ ನಮ್ಮ ಮನೆಗಳಿಗೂ ಬೇಕಾದ ಸಾಧನಗಳು

ಸೊಲ್ಲಾಪುರ-ಅಕ್ಕಲಕೋಟೆ ರಸ್ತೆಯ ಕುಂಭಾರಿ ಎಂದರೆ ಬೀಡಿ ಕಾರ್ಮಿಕರ ವಸಾಹತು ನೆನಪಾಗುತ್ತದೆ. 2006ರಲ್ಲಿ ಇಲ್ಲಿ ಗೋದೂತಾಯಿ ಪರುಳೇಕರ್ ಹೆಸರಿನ 10,000 ಮನೆಗಳ ಕಾಲನಿ ಕಾರ್ಮಿಕರ ಕೈಸೇರಿತು. 2024ರ ಜನವರಿಯಲ್ಲಿ ರಾಯನಗರದ 15,000 ಮನೆಗಳ ಹಸ್ತಾಂತರವಾಯಿತು. ಅಶ್ವಿನಿ ಗ್ರಾಮೀಣ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಇದೇ ಊರಲ್ಲಿದೆ. ಆಸ್ಪತ್ರೆಯಲ್ಲಾದರೆ ಟ್ರಾಲಿ, ಆಯಾ, ವಾರ್ಡ್‌ಬಾಯ್ ಎಲ್ಲ ಇರ್ತಾರೆ. ಡಿಸ್ಚಾರ್ಜ್ ಆದ ಮೇಲೆ ಎತ್ತೋರು ಯಾರು? ಬೀಡಿ ಕಟ್ಟಿ ಮೊದಲೇ ನಡು ನೋಯಿಸಿಕೊಂಡ ಹೆಂಡತಿ, ಇಲ್ಲವೇ ಸೊಸೆ. ಬೀಡಿಯನ್ನೇ ನಂಬಿದ ನಮ್ಮ ಕರಾವಳಿಯ ಮನೆಗಳ ಕಥೆಯೂ ಇದೇ.

ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಸೂತ್ರದಂತೆ, ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ ಸುಮಾರು 16 ಕೆ.ಜಿ.ಗಿಂತ ಹೆಚ್ಚು ಭಾರ ಬೀಳಬಾರದು. 60 ಕೆ.ಜಿ. ತೂಕದ ಉಮ್ಮನನ್ನು ಮೂವರು ಹಿಡಿದರೂ ತಲಾ 20 ಆಯಿತು! ಹಾಗಾಗಿ ಎತ್ತುವುದಕ್ಕಿಂತ ಜಾರಿಸುವುದೇ ಮೊದಲ ಉಪಾಯ.

ಜಾರಿಸಲು ಸ್ಲೈಡ್ ಶೀಟ್ ಇದೆ. ನುಣುಪಾದ ನೈಲಾನ್ ಬಟ್ಟೆಯ ಎರಡು ಪದರ, ಒಂದರ ಮೇಲೊಂದು ಜಾರುತ್ತದೆ. ರೋಗಿಯನ್ನು ಮಗ್ಗುಲಾಗಿಸಿ ಕೆಳಗೆ ಹಾಸಿ, ಮೇಲಿನ ಪದರ ಹಿಡಿದು ಎಳೆದರೆ ಚರ್ಮ ಉಜ್ಜುವುದಿಲ್ಲ, ಹಾಸಿಗೆ ಹುಣ್ಣಿನ ಅಪಾಯ ಕಡಿಮೆ. ಕೆಲಸ ಮುಗಿದ ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ರೋಗಿಯೇ ಜಾರಿ ಬೀಳ್ತಾರೆ. ಕುಳಿತುಕೊಳ್ಳಬಲ್ಲವರಿಗೆ ಮಂಚದಿಂದ ವೀಲ್‌ಚೇರ್‌ಗೆ ಸರಿಯಲು ಟ್ರಾನ್ಸ್‌ಫರ್ ಹಲಗೆ ಸಾಕು. ಬ್ರೇಕ್ ಹಾಕಿ, ಕುರ್ಚಿಯನ್ನು ರೋಗಿಯ ಗಟ್ಟಿ ಬದಿಗೆ ಇಡಿ. ಪಾರ್ಶ್ವವಾಯು ಆದವರ ಸೋತ ಕೈಯನ್ನು ಮಾತ್ರ ಎಳೆಯಲೇಬೇಡಿ, ಭುಜದ ಕೀಲು ಜಾರುತ್ತದೆ. ಎದ್ದು ನಿಲ್ಲಬಲ್ಲವರಿಗೆ ಸೊಂಟದ ಬೆಲ್ಟ್ ಕಟ್ಟಿ ಹಿಡಿಯಬಹುದು. ಹೊಟ್ಟೆಯ ಆಪರೇಷನ್ ಆದವರಿಗೆ ವೈದ್ಯರನ್ನು ಕೇಳದೆ ಬೇಡ.

ಏನೂ ಸಹಕರಿಸಲಾಗದವರಿಗೆ ಹೋಯ್ಸ್ಟ್, ಅಂದರೆ ಜೋಲಿಯಲ್ಲಿ ಕೂರಿಸಿ ಎತ್ತುವ ಯಂತ್ರ. ಹೈಡ್ರಾಲಿಕ್‌ನದ್ದು ಕೈಯಲ್ಲಿ ಪಂಪ್ ಮಾಡೋದು, ಕರೆಂಟ್ ಹೋದರೂ ನಡೆಯುತ್ತದೆ. ಕೊಳ್ಳುವ ಮುಂಚೆ ಟೇಪ್ ಹಿಡಿದು ಅಳತೆ ಮಾಡಿ: ಅದರ ಕಾಲುಗಳು ಮಂಚದಡಿ ನುಗ್ಗಬೇಕು, ತಿರುಗಲು ಜಾಗ ಬೇಕು. ಒಂದು ಕೋಣೆಯ ಮನೆಯಲ್ಲಿ ಇದು ಸುಮ್ಮನೆ ಮೂಲೆ ಸೇರುತ್ತದೆ. ಎತ್ತುವಾಗ ಹೋಯ್ಸ್ಟ್‌ನ ಚಕ್ರಕ್ಕೆ ಸಾಮಾನ್ಯವಾಗಿ ಬ್ರೇಕ್ ಹಾಕುವುದಿಲ್ಲ, ಅದು ತಾನೇ ಸಮತೋಲಕ್ಕೆ ಸರಿಯಬೇಕು. ಜೋಲಿ ರೋಗಿಯ ಅಳತೆಯದ್ದೇ ಇರಲಿ.

ರಾಯನಗರದ ಮಹಡಿ ಮನೆಗಳಲ್ಲಿ ನಿಜವಾದ ಕಷ್ಟ ಮೆಟ್ಟಿಲಿನದ್ದು. ಅಲ್ಲಿ ಹೋಯ್ಸ್ಟ್ ಪ್ರಯೋಜನವಿಲ್ಲ. ಪಟ್ಟಿ ಬಿಗಿದು ಇಬ್ಬರು ಇಳಿಸುವ ಸ್ಟೇರ್ ಚೇರ್ ಬೇಕು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತು ಇಳಿಸುವುದು ನಮ್ಮಲ್ಲೂ ರೂಢಿ. ಅದರ ಕಾಲು ಮುರಿದರೆ ಇಬ್ಬರು ಮೂವರು ಒಟ್ಟಿಗೆ ಉರುಳ್ತಾರೆ.

ಸರಕಾರದ ನೆರವೂ ಉಂಟು. 2017ರ ಏಪ್ರಿಲ್ 1ರಂದು ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ 60 ದಾಟಿದ ಬಡವರಿಗೆ ವಾಕರ್, ವೀಲ್‌ಚೇರ್ ಉಚಿತ. ಅಂಗವಿಕಲರಿಗೆ ಅಡಿಪ್ ಯೋಜನೆ ಇದೆ. ಎರಡಕ್ಕೂ ಸಾಧನ ಒದಗಿಸುವುದು ಕಾನ್ಪುರದ ಅಲಿಮ್ಕೋ. ವಯೋಶ್ರೀ ಪಟ್ಟಿಯಲ್ಲಿ ಹೋಯ್ಸ್ಟ್ ಇಲ್ಲ. ಅದನ್ನು ಜಮಾಅತ್ ಅಥವಾ ಸಂಘದ ವತಿಯಿಂದ ಒಂದು ಕೊಂಡು, ಬೇಕಾದ ಮನೆಗೆ ಕೊಟ್ಟು ವಾಪಸ್ ಪಡೆಯುವುದೇ ಲೇಸು. ವಾಪಸ್ ಬಂದಾಗಲೆಲ್ಲ ಜೋಲಿಯ ಹೊಲಿಗೆ ನೋಡಿ, ದಾರ ಬಿಚ್ಚಿದ್ದರೆ ಬಿಸಾಡಿ.