ಅಮರೇಶ್ವರದ ಶರಣೆ: ಆಯ್ದಕ್ಕಿ ಲಕ್ಕಮ್ಮ

ಹನ್ನೆರಡನೆಯ ಶತಮಾನದ ಶರಣ ಚಳವಳಿಗೆ ನಮ್ಮ ಸೀಮೆ ನೀಡಿದ ಅಮೂಲ್ಯ ಕೊಡುಗೆ ಶರಣೆ ಆಯ್ದಕ್ಕಿ ಲಕ್ಕಮ್ಮ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ, ಗುರುಗುಂಟಾ ಸಮೀಪದಲ್ಲಿರುವ ಅಮರೇಶ್ವರವೇ ಈ ಶರಣೆಯ ಮತ್ತು ಪತಿ ಮಾರಯ್ಯನವರ ಮೂಲ ಸ್ಥಳ. ಅಮರೇಶ್ವರನ ಜಾತ್ರೆಗೆ ವರ್ಷವರ್ಷವೂ ಹೋಗಿಬರುವ ಭಕ್ತರಲ್ಲಿ ಅನೇಕರಿಗೆ ಈ ಸಂಗತಿ ತಿಳಿಯದು.

ಅಂಕಿತ ಮತ್ತು ವಚನಗಳು

ದಂಪತಿಗಳು ಅಮರೇಶ್ವರವನ್ನು ತೊರೆದು ಕಲ್ಯಾಣಕ್ಕೆ ತೆರಳಿದರು. ಊರು ಬಿಟ್ಟರೂ ಊರಿನ ದೈವವನ್ನು ಬಿಡಲಿಲ್ಲ. ಮಾರಯ್ಯನವರ ಅಂಕಿತ 'ಅಮರೇಶ್ವರಲಿಂಗ'. ಲಕ್ಕಮ್ಮನವರ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಲಕ್ಕಮ್ಮನವರ 25 ವಚನಗಳು ಇಂದು ದೊರೆಯುತ್ತವೆ. ಅವುಗಳಲ್ಲಿ ಹಲವು ಪತಿಗೆ ಹೇಳಿದ ತಿಳಿವಳಿಕೆಯ ಮಾತುಗಳು. ಪತಿಯ ಹೆಸರನ್ನು ಪ್ರೀತಿಯಿಂದ ಅಂಕಿತದಲ್ಲಿರಿಸಿಕೊಂಡೇ ಆ ಪತಿಯ ತಪ್ಪನ್ನು ತಿದ್ದಿದ ಧೀರತೆ ಈ ವಚನಗಳಲ್ಲಿದೆ.

ಅಕ್ಕಿಯ ಪ್ರಸಂಗ

ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಆ ಅಕ್ಕಿಯಿಂದಲೇ ಜಂಗಮ ದಾಸೋಹ ನಡೆಯುತ್ತಿತ್ತು. 'ಆಯ್ದಕ್ಕಿ' ಎಂಬ ವಿಶೇಷಣ ಬಂದದ್ದು ಇದರಿಂದ. ಅವರ ಕಥೆ 15ನೆಯ ಶತಮಾನದಿಂದ ಸಂಕಲನಗೊಂಡ ಶೂನ್ಯಸಂಪಾದನೆಗಳಲ್ಲಿ ವಿಸ್ತಾರವಾಗಿ ಬಂದಿದೆ.

ಒಮ್ಮೆ ಮಾರಯ್ಯನವರು ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತಿದೆ ಎಂದು ಎಚ್ಚರಿಸಿದವರು ಲಕ್ಕಮ್ಮ. ಅವರು ಅವಸರದಲ್ಲಿ ಹೋಗಿ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಅಗತ್ಯಕ್ಕೆ ಮೀರಿದ ಆಸೆ ಅರಸುಮನೆಗೆ ಸಲ್ಲಬಹುದು, ದುಡಿದುಣ್ಣುವ ಭಕ್ತನಿಗೆ ಸಲ್ಲದು ಎಂಬುದು ಆ ಶರಣೆಯ ನಿಲುವು. ಹೆಚ್ಚಿನ ಅಕ್ಕಿಯನ್ನು ತಂದಲ್ಲಿಗೇ ಮರಳಿಸುವಂತೆ ಪತಿಯನ್ನು ಕಳುಹಿಸಿದರು.

ಗೋಷ್ಠಿಗಿಂತ ಕಾಯಕ ಮುಖ್ಯವೆಂಬುದು ಇಲ್ಲಿನ ಮೊದಲ ಪಾಠ. ಕಾಯಕದಲ್ಲಿಯೂ ಮಿತಿ ಬೇಕೆಂಬುದು ಎರಡನೆಯದು. ಈ ಎರಡನ್ನೂ ಕಲಿಸಿದ ಗುರು ಮನೆಯ ಗೃಹಿಣಿ. ಮಾರಯ್ಯನವರು ಅದಕ್ಕಾಗಿ ಮುನಿಯಲಿಲ್ಲ. ಇನ್ನೂ ತಿಳಿಸಿಕೊಡು ಎಂದು ಪತ್ನಿಯ ಮುಂದೆ ಶಿಷ್ಯನಂತೆ ನಿಂತರು. ಹೇಳುವ ಹಕ್ಕು ಹೆಣ್ಣಿಗಿದ್ದುದು ಎಷ್ಟು ದೊಡ್ಡದೋ, ಕೇಳುವ ಮನಸ್ಸು ಗಂಡಿಗಿದ್ದುದೂ ಅಷ್ಟೇ ದೊಡ್ಡದು.

ಕಾಯಕದ ಹೆಸರಿನ ಶರಣೆಯರು

ಲಕ್ಕಮ್ಮ ಒಂಟಿಯಲ್ಲ. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ನಮಗೆ ದೊರೆತಿವೆ. ಅಕ್ಕಮಹಾದೇವಿಯವರ ಹೆಸರು ಲೋಕವಿಖ್ಯಾತ. ಆದರೆ ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ನೂಲು ತೆಗೆಯುವ ಕದಿರ ರೆಮ್ಮವ್ವೆ ಮುಂತಾದವರನ್ನು ನೆನೆಯುವವರು ಕಡಿಮೆ. ಇವರು ವಂಶದ ಹೆಸರಿನಿಂದಲ್ಲ, ಕೈಯ ಕೆಲಸದಿಂದ ಗುರುತಾದವರು. ಅಕ್ಷರವೇ ದುರ್ಲಭವಾಗಿದ್ದ ಕಾಲದಲ್ಲಿ ದುಡಿಯುವ ಹೆಣ್ಣುಮಕ್ಕಳು ತಮ್ಮ ಅನುಭವವನ್ನು ತಮ್ಮದೇ ಅಂಕಿತದಲ್ಲಿ ನುಡಿದದ್ದು ಚರಿತ್ರೆಯ ಮಹತ್ವದ ಘಟನೆ. ತಾಳೆಗರಿಗಳಲ್ಲಿ ಉಳಿದಿದ್ದ ವಚನರಾಶಿಯನ್ನು ಫ.ಗು. ಹಳಕಟ್ಟಿಯವರಂಥ ಮಹನೀಯರು ಇಪ್ಪತ್ತನೆಯ ಶತಮಾನದಲ್ಲಿ ಸಂಗ್ರಹಿಸಿ ಮುದ್ರಿಸಿದ್ದರಿಂದ ಇವರ ಧ್ವನಿ ನಮ್ಮ ಮನೆಗಳನ್ನು ತಲುಪಿತು.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರಿದೆ. 1915ರಲ್ಲಿ ಆ ಶಾಸನ ಬೆಳಕಿಗೆ ಬಂದು ಜಗತ್ತಿನ ವಿದ್ವಾಂಸರ ಗಮನ ಸೆಳೆಯಿತು. ಚಕ್ರವರ್ತಿಯ ಹೆಸರನ್ನು ಕಲ್ಲು ಕಾಯ್ದಿತು. ಅದೇ ಸೀಮೆಯ ಶ್ರಮಜೀವಿ ಹೆಣ್ಣಿನ ಹೆಸರನ್ನು ಕಾಯ್ದದ್ದು ಅವರ ಮಾತು ಮತ್ತು ಅದನ್ನು ಪ್ರತಿ ಮಾಡಿಟ್ಟ ಭಕ್ತರ ಶ್ರದ್ಧೆ.

ಇಂದಿನ ಹೊಣೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಕೆಸರು ಗದ್ದೆಯಲ್ಲಿ ಬೆನ್ನು ಬಾಗಿಸಿ ನಾಟಿ ಮಾಡುವವರು, ಕಳೆ ಕೀಳುವವರು ಬಹುಮಟ್ಟಿಗೆ ಹೆಣ್ಣುಮಕ್ಕಳೇ. ನಮ್ಮ ದಾಸೋಹದ ಅನ್ನದಲ್ಲಿಯೂ ಅವರ ಬೆವರಿದೆ. ಸಮಾನ ವೇತನದ ಕಾಯ್ದೆ 1976ರಲ್ಲಿಯೇ ಬಂದರೂ, ಹೆಣ್ಣಾಳಿಗೆ ಒಂದು ಕೂಲಿ, ಗಂಡಾಳಿಗೆ ಒಂದು ಕೂಲಿ ಎಂಬ ರೂಢಿ ಗ್ರಾಮಗಳಿಂದ ಪೂರ್ತಿ ಅಳಿದಿಲ್ಲ.

ಇಲ್ಲಿ ಒಂದು ಎಚ್ಚರ ಅಗತ್ಯ. ಲಕ್ಕಮ್ಮನವರ ಸಂತೃಪ್ತಿಯ ಬೋಧೆಯನ್ನು ಬಡವರ ಬಾಯಿ ಮುಚ್ಚಿಸಲು ಬಳಸಬಾರದು. ಅವರು ಬೇಡವೆಂದದ್ದು ಅಗತ್ಯಕ್ಕೆ ಮೀರಿದ್ದನ್ನು, ದುಡಿಮೆಗೆ ಸಲ್ಲಬೇಕಾದದ್ದನ್ನಲ್ಲ. ಹೆಚ್ಚು ತಂದವನಿಗೆ ಹಿಂದಿರುಗಿಸು ಎಂದವರು, ದುಡಿದವಳಿಗೆ ಕಡಿಮೆ ಕೊಡುವವನನ್ನು ಸುಮ್ಮನೆ ಬಿಡುತ್ತಿದ್ದರೆ?

ಆದ್ದರಿಂದ ಲಕ್ಕಮ್ಮನವರ ಸ್ಮರಣೆ ಭಾವಚಿತ್ರಕ್ಕೆ ಹೂವೇರಿಸುವಲ್ಲಿಗೆ ನಿಲ್ಲದಿರಲಿ. ಗದ್ದೆಯಲ್ಲಿ ದುಡಿದ ತಾಯಿಗೆ ನ್ಯಾಯದ ಕೂಲಿ ಸಲ್ಲಲಿ. ಮನೆಯ ಲೆಕ್ಕದಲ್ಲಿ, ಊರಿನ ಸಭೆಯಲ್ಲಿ ಅವಳ ಮಾತಿಗೆ ಬೆಲೆಯಿರಲಿ. ಮುಂದಿನ ಬಾರಿ ಅಮರೇಶ್ವರಕ್ಕೆ ಹೋದಾಗ ಮಕ್ಕಳಿಗೆ ಈ ಕಥೆಯನ್ನು ತಪ್ಪದೆ ಹೇಳೋಣ.